ನಿಮ್ಮ ಖಳನಾಯಕನ ಅಮ್ಮನನ್ನು ಸಾಯಿಸಬೇಡಿ

ಚಿತ್ರಕತೆ ಓದಿ ತಿದ್ದಿಕೊಡುವುದು ನನ್ನ ಕಸುಬು. ಶಿರಸಿಯಲ್ಲಿ ಕೂತೇ ಮಾಡುತ್ತೇನೆ. ಒಂದಷ್ಟು ಬೆಂಗಳೂರಿನಿಂದ ಮೇಲ್‌ನಲ್ಲಿ ಬರುತ್ತವೆ. ಇನ್ನೊಂದಷ್ಟನ್ನು ಕುಮಟಾ, ಅಂಕೋಲಾ ಕಡೆಯ ಹುಡುಗರು ದೇವಿಮನೆ ಘಾಟಿ ಹತ್ತಿ ಬಂದು ಕೈಗೇ ಕೊಡುತ್ತಾರೆ. 2022ರ ‘ಕಾಂತಾರ’ಕ್ಕೆ 2025ರಲ್ಲಿ ಹಿಂದಿನ ಕತೆ ಬಂದ ಮೇಲೆ ಪ್ರೀಕ್ವೆಲ್ ಬರೆಯುವವರು ಜಾಸ್ತಿಯಾಗಿದ್ದಾರೆ. ಅದರಲ್ಲೂ ಒಂದು ನಮೂನೆ ಪದೇ ಪದೇ ಬರುತ್ತದೆ. "ಖಳನಾಯಕ ಮೊದಲು ಒಳ್ಳೆಯವನೇ ಇದ್ದ ಸರ್. ಹೇಗೆ ಕೆಟ್ಟ ಅಂತ ತೋರಿಸ್ತೇವೆ."

ಓದುತ್ತೇನೆ. ನಂಬಿಕೆ ಹುಟ್ಟುವುದಿಲ್ಲ. ಹಾಗಂತ ಹೇಳಿದರೆ ಮುಂದಿನ ಡ್ರಾಫ್ಟ್‌ನಲ್ಲಿ ಅವನ ಅಮ್ಮ ತೀರಿಕೊಂಡಿರುತ್ತಾಳೆ. ಇನ್ನೂ ಸಾಲದು ಅಂದರೆ ತಂಗಿಯೂ ಹೋಗಿರುತ್ತಾಳೆ, ಮನೆಗೆ ಬೆಂಕಿ ಬಿದ್ದಿರುತ್ತದೆ. "ಈಗ ಕಾರಣ ಸಾಕಾಯ್ತಲ್ಲ ಸರ್?" ಎಂದು ಕೇಳುತ್ತಾರೆ. ನಿದ್ದೆಗೆಟ್ಟು ಬರೆದಿರುತ್ತಾರೆ, ಅವರ ಮೇಲೆ ನನಗೆ ಪ್ರೀತಿಯೇ ಇದೆ. ಆದರೆ ಇದೇ ತಪ್ಪನ್ನು ನೋಡಿ ನೋಡಿ ಸಾಕಾಗಿದೆ. ಅದಕ್ಕೇ ಇದೊಂದೇ ವಿಷಯವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ದುಃಖ ಬಂತು ಅಂತ ಮನುಷ್ಯ ಕೆಡುವುದಿಲ್ಲ. ದುಃಖದಲ್ಲಿದ್ದಾಗ ಒಂದು ತಪ್ಪು ಕೆಲಸಕ್ಕೆ ಒಪ್ಪುತ್ತಾನಲ್ಲ, ಅಲ್ಲಿಂದ ಕೆಡುತ್ತಾನೆ. ನೋಡುವವನಿಗೆ ಬೇಕಾದದ್ದು ಆ ಒಪ್ಪಿಗೆ. ಮಳೆ ಎಲ್ಲ ಅಡಿಕೆ ತೋಟಕ್ಕೂ ಹೊಯ್ಯುತ್ತದೆ, ಕೊಳೆರೋಗ ಎಲ್ಲ ತೋಟಕ್ಕೂ ಬರುವುದಿಲ್ಲ. ನೀವು ಎರಡು ಗಂಟೆ ಹೊತ್ತು ಮಳೆಯನ್ನೇ ತೋರಿಸಿ, ಕೊನೆಗೆ ಉದುರಿದ ಕಾಯಿ ತೋರಿಸಿದರೆ ಆಗುವುದಿಲ್ಲ. ಅಮ್ಮನನ್ನು ಕಳೆದುಕೊಂಡವರು, ಸಾಲದಲ್ಲಿ ಮುಳುಗಿದವರು, ಮೋಸ ಹೋದವರು ನಮ್ಮ ಊರಿನಲ್ಲೇ ಎಷ್ಟು ಜನ ಇಲ್ಲ? ಅವರೆಲ್ಲ ಮರುದಿನ ಎದ್ದು ಕೆಲಸಕ್ಕೆ ಹೋಗಿದ್ದಾರೆ. ಥಿಯೇಟರಿನಲ್ಲಿ ಕೂತವನಿಗೆ ಇದು ಗೊತ್ತು. ನಿಮ್ಮ ಖಳನಾಯಕ ಮಾತ್ರ ಯಾಕೆ ಕತ್ತಿ ಎತ್ತಿದ ಎಂದು ಅವನು ಕೇಳುತ್ತಾನೆ.

ಜಗತ್ತಿಗೆಲ್ಲ ಗೊತ್ತಿರುವ ಉದಾಹರಣೆ ‘ಸ್ಟಾರ್ ವಾರ್ಸ್’. 1977ರ ಮೊದಲ ಚಿತ್ರದಲ್ಲಿ ಡಾರ್ತ್ ವೇಡರ್ ಕಪ್ಪು ಮುಖವಾಡದೊಳಗಿಂದ ದೊಡ್ಡದಾಗಿ ಉಸಿರೆಳೆಯುತ್ತ ಬಂದ. ಅವನು ತನ್ನ ಶಿಷ್ಯನಾಗಿದ್ದ, ಆಮೇಲೆ ಕೆಟ್ಟ ದಾರಿ ಹಿಡಿದ ಎಂದು ಮುದುಕ ಒಬಿ-ವಾನ್ ನಾಲ್ಕು ಮಾತಿನಲ್ಲಿ ಹೇಳಿ ಮುಗಿಸುತ್ತಾನೆ. ಅಷ್ಟೇ ಸಾಕಾಗಿತ್ತು. ಉಳಿದದ್ದನ್ನು ಪ್ರೇಕ್ಷಕರು ಇಪ್ಪತ್ತಕ್ಕೂ ಹೆಚ್ಚು ವರ್ಷ ತಮ್ಮ ತಲೆಯೊಳಗೇ ಕಟ್ಟಿಕೊಂಡರು. ಆಮೇಲೆ 1999, 2002, 2005ರಲ್ಲಿ ಜಾರ್ಜ್ ಲೂಕಾಸ್ ಆ ಹಿಂದಿನ ಕತೆಯನ್ನು ಮೂರು ಚಿತ್ರಗಳಲ್ಲಿ ಹೇಳಿದರು. ಜನ ಮುಗಿಬಿದ್ದು ನೋಡಿದರು, ದುಡ್ಡೂ ಭರ್ಜರಿ ಬಂತು. 2005ರ ಚಿತ್ರವನ್ನು ತುಂಬಾ ಪ್ರೀತಿಸುವವರಿದ್ದಾರೆ, ಅವರ ಜೊತೆ ನನಗೆ ಜಗಳವಿಲ್ಲ. ಅದರಲ್ಲಿ ನಾಟಕಶಾಲೆಯಲ್ಲಿ ಕೂತು ಪಾಲ್ಪಟೀನ್ ಎಂಬ ಕಪಟಿ ರಾಜಕಾರಣಿ ತಣ್ಣಗೆ ಆಸೆ ಹುಟ್ಟಿಸುವ ದೃಶ್ಯವನ್ನು ನಾನೇ ಹುಡುಗರಿಗೆ ಓದಲು ಕೊಡುತ್ತೇನೆ.

ಆದರೂ ಅನಾಕಿನ್ (ಮುಂದೆ ವೇಡರ್ ಆಗುವವನು ಇವನೇ) ಕೆಟ್ಟ ರೀತಿ ಬಹಳ ಜನರಿಗೆ ಒಪ್ಪಿಗೆಯಾಗಲಿಲ್ಲ. ನಟನನ್ನು ಬೈದರು, ಸಂಭಾಷಣೆಯನ್ನು ಬೈದರು. ನನ್ನ ಪ್ರಕಾರ ತೊಂದರೆ ಇರುವುದು ಕತೆಯ ಕಟ್ಟಡದಲ್ಲಿ.

ಗರ್ಭಿಣಿ ಹೆಂಡತಿ ಪದ್ಮೆ ಹೆರಿಗೆಯಲ್ಲಿ ಸಾಯುತ್ತಾಳೆ ಎಂದು ಅನಾಕಿನ್‌ಗೆ ಕನಸು ಬೀಳುತ್ತದೆ. ಸಾವು ತಡೆಯುವ ವಿದ್ಯೆ ಇದೆ ಎಂದು ಪಾಲ್ಪಟೀನ್ ಹೇಳುತ್ತಾನೆ. ಜೆಡೈ ಅಂದರೆ ಅನಾಕಿನ್ ಸೇರಿದ್ದ ಯೋಧರ ಪಂಥ; ಅದರ ಗುರು ಮೇಸ್ ವಿಂಡು ಆ ಪಾಲ್ಪಟೀನ್‌ನನ್ನು ಕೊಲ್ಲಲು ಕತ್ತಿ ಎತ್ತಿದಾಗ ಅನಾಕಿನ್ ಗುರುವಿನ ಕೈಯನ್ನೇ ಕಡಿಯುತ್ತಾನೆ. ಇಲ್ಲಿಯವರೆಗೆ ಸರಿ. ಆಸೆ ಇದೆ, ಭಯ ಇದೆ, ಕ್ಷಣದ ಗಡಿಬಿಡಿಯೂ ಇದೆ. ಮೇಸ್ ಸತ್ತ ಕೂಡಲೇ ‘ನಾನೇನು ಮಾಡಿಬಿಟ್ಟೆ’ ಎಂದು ಅವನು ಕುಸಿಯುತ್ತಾನೆ. ಅದೂ ಸರಿ. ಆದರೆ ಅದೇ ಕೋಣೆಯಲ್ಲಿ, ಅದೇ ಉಸಿರಿನಲ್ಲಿ, ಮಂಡಿಯೂರಿ ಹೊಸ ಹೆಸರು ಪಡೆಯುತ್ತಾನೆ. ಅಲ್ಲಿಂದ ನೇರ ಜೆಡೈ ಮಂದಿರಕ್ಕೆ ಹೋಗುತ್ತಾನೆ. ಕುರ್ಚಿಗಳ ಹಿಂದೆ ಅಡಗಿದ್ದ ಪುಟ್ಟ ಮಕ್ಕಳಲ್ಲಿ ಒಬ್ಬ ಮುಂದೆ ಬಂದು, ಈಗ ನಾವೇನು ಮಾಡೋದು ಎಂದು ಅವನನ್ನೇ ಕೇಳುತ್ತಾನೆ. ಅನಾಕಿನ್ ತನ್ನ ಬೆಳಕಿನ ಕತ್ತಿ ಹೊತ್ತಿಸುತ್ತಾನೆ.

ನಮ್ಮ ಅಕ್ಕ ಒಮ್ಮೆ ಮಗನ ಜೊತೆ ಕೂತು ಟಿವಿಯಲ್ಲಿ ಇದನ್ನು ನೋಡುತ್ತಿದ್ದಳು. ಹಿಂದಿನ ಚಿತ್ರ ಒಂದನ್ನೂ ನೋಡಿದವಳಲ್ಲ. ಈ ದೃಶ್ಯ ಬಂದಾಗ ಬೀನ್ಸ್ ಮುರಿಯುತ್ತಿದ್ದವಳು ಕೈ ನಿಲ್ಲಿಸಿದಳು. "ಹೆಂಡತಿ ಬದುಕಲಿ ಅಂತ ಹೊರಟವ ಅಲ್ವಾ ಇವ? ಈ ಮಕ್ಕಳನ್ನ ಕೊಂದರೆ ಅವಳು ಹೇಗೆ ಬದುಕ್ತಾಳೆ?" ಮಗನ ಬಳಿ ಉತ್ತರ ಇರಲಿಲ್ಲ. ಚಿತ್ರದಲ್ಲೂ ಸರಿಯಾದ ಉತ್ತರ ಇಲ್ಲ. ಸಂಶಯಪಡದೆ, ಕರುಣೆ ತೋರದೆ ಮಾಡು, ಆಗ ಹೆಂಡತಿಯನ್ನು ಉಳಿಸುವ ಶಕ್ತಿ ಬರುತ್ತದೆ ಎಂದು ಪಾಲ್ಪಟೀನ್ ಬಾಯಿಮಾತಿನಲ್ಲಿ ಹೇಳಿ ಕಳಿಸುತ್ತಾನೆ ಅಷ್ಟೆ. ಆಸೆ ಒಂದು ಕಡೆ, ಕೃತ್ಯ ಇನ್ನೊಂದು ಕಡೆ. ನಡುವಿನ ಸೇತುವೆಯನ್ನು ಪ್ರೇಕ್ಷಕನೇ ಕಟ್ಟಿಕೊಳ್ಳಬೇಕು. ‘ನನ್ನ ಕಣ್ಣಿಗೆ ಜೆಡೈಗಳೇ ದುಷ್ಟರು’ ಎಂದು ಅನಾಕಿನ್ ಹೇಳುವುದು ತುಂಬಾ ತಡವಾಗಿ, ಲಾವಾ ಹರಿಯುವ ಗ್ರಹದಲ್ಲಿ ಒಬಿ-ವಾನ್ ಜೊತೆ ಕಾದಾಡುವಾಗ. ಆ ಮಾತು ಮಂದಿರದ ಬಾಗಿಲಲ್ಲಿ ಬರಬೇಕಿತ್ತು. ತಡೆಯಲು ಯಾರೋ ಎದುರು ನಿಂತಿರಬೇಕಿತ್ತು.

ಹೊಟ್ಟೆ ಉರಿಯುವ ವಿಷಯ ಏನೆಂದರೆ, ಬೇಕಾದ ಸಾಮಗ್ರಿ 2002ರ ಚಿತ್ರದಲ್ಲೇ ಇತ್ತು. ಅನಾಕಿನ್‌ನ ತಾಯಿಯನ್ನು ಮರುಭೂಮಿಯ ಟಸ್ಕನ್ ಜನ ಹಿಡಿದುಕೊಂಡು ಹೋಗಿರುತ್ತಾರೆ, ಅವಳು ಮಗನ ತೋಳಲ್ಲೇ ಸಾಯುತ್ತಾಳೆ. ಅವನು ಇಡೀ ಬಿಡಾರವನ್ನೇ ಕೊಂದು ಬರುತ್ತಾನೆ. ಗಂಡಸರನ್ನಷ್ಟೇ ಅಲ್ಲ, ಹೆಂಗಸರು ಮಕ್ಕಳನ್ನೂ ಕೊಂದೆ ಎಂದು ಪದ್ಮೆಯ ಮುಂದೆ ಬಾಯಿಬಿಟ್ಟು ಹೇಳುತ್ತಾನೆ. ಅವಳು ಏನು ಮಾಡುತ್ತಾಳೆ? ಸಿಟ್ಟು ಬರುವುದು ಮನುಷ್ಯ ಸಹಜ ಎಂದು ಸಮಾಧಾನ ಮಾಡುತ್ತಾಳೆ. ಚಿತ್ರದ ಕೊನೆಗೆ ಇಬ್ಬರ ಮದುವೆಯೂ ಆಗುತ್ತದೆ. ಮೂರನೆಯ ಚಿತ್ರದಲ್ಲಿ ಪಾಲ್ಪಟೀನ್ ಒಮ್ಮೆ ನೆನಪಿಸುವುದು ಬಿಟ್ಟರೆ ಆ ಕೊಲೆಗಳಿಗೆ ಬೆಲೆಯೇ ಇಲ್ಲ. ಇವನು ಕೆಡುವ ಕತೆ ಅಲ್ಲೇ ಶುರುವಾಗಬೇಕಿತ್ತು. ಮಕ್ಕಳನ್ನು ಕೊಂದೂ ಪ್ರೀತಿ ಸಿಗುತ್ತದೆ ಎಂದು ಅವನು ಕಲಿತದ್ದನ್ನು, ಅದು ಪದ್ಮೆಯನ್ನು ರಾತ್ರಿ ಕಾಡಿದ್ದನ್ನು ತೋರಿಸಿದ್ದರೆ ಮಂದಿರದ ದೃಶ್ಯಕ್ಕೆ ತಾನಾಗಿಯೇ ದಾರಿಯಾಗುತ್ತಿತ್ತು. ಅಮ್ಮನ ಸಾವು ಮಾತ್ರ ಲೆಕ್ಕಕ್ಕೆ ಬಂತು, ಮಗ ಮಾಡಿದ್ದು ಬರಲಿಲ್ಲ.

"ಕೊನೆ ಮೊದಲೇ ಗೊತ್ತಲ್ಲ ಸರ್, ಪ್ರೀಕ್ವೆಲ್‌ನಲ್ಲಿ ಹೀಗೇ ಆಗೋದು" ಎಂದು ವಾದಿಸುವವರಿದ್ದಾರೆ. ಈ ಮಾತನ್ನು ಉತ್ತರ ಕನ್ನಡದಲ್ಲಿ ಹುಟ್ಟಿದವರು ಆಡಿದರೆ ನನಗೆ ಬೇಜಾರಾಗುತ್ತದೆ. ನಮ್ಮ ಯಕ್ಷಗಾನದ ಆಟ, ತಾಳಮದ್ದಳೆ ಎಲ್ಲದರ ಕೊನೆಯೂ ಎಲ್ಲರಿಗೂ ಗೊತ್ತು. ಕರ್ಣಭೇದನ ಪ್ರಸಂಗದಲ್ಲಿ ಕೃಷ್ಣ ಬಂದು, ನೀನು ಕುಂತಿಯ ಮಗ, ಬಾ, ರಾಜ್ಯ ನಿನ್ನದೇ ಅನ್ನುತ್ತಾನೆ. ಕರ್ಣ ಒಪ್ಪುವುದಿಲ್ಲ ಅಂತ ಮುಂದೆ ಕೂತ ಚಿಕ್ಕ ಹುಡುಗನಿಗೂ ಗೊತ್ತು. ಆದರೂ ಪಾತ್ರದ ಮಾತಾಡುವ ಒಳ್ಳೆಯ ಅರ್ಥಧಾರಿಗಳು ಎದುರಾಬದುರು ಕೂತರೆ, ಇವತ್ತೆಲ್ಲಾದರೂ ಹೊರಟೇಬಿಡುತ್ತಾನೋ ಏನೋ ಅನ್ನಿಸುತ್ತದೆ. ಬಾಗಿಲು ನಿಜವಾಗಿ ತೆರೆದಿರುತ್ತದೆ. ಆಚೆ ಏನಿದೆ ಅಂತ ಕರ್ಣ ನೋಡುತ್ತಾನೆ. ನೋಡಿಯೂ ತಾನೇ ಮುಚ್ಚುತ್ತಾನೆ.

ಮಕ್ಕಳನ್ನು ಕೊಂದವನ ಕತೆಯೂ ನಮ್ಮಲ್ಲಿದೆ. ಅಶ್ವತ್ಥಾಮ. ಮಹಾಭಾರತದ ಸೌಪ್ತಿಕ ಪರ್ವವನ್ನು ಚಿತ್ರಕತೆ ಬರೆಯುವ ಪ್ರತಿಯೊಬ್ಬರೂ ಓದಬೇಕು. ದುರ್ಯೋಧನ ತೊಡೆ ಮುರಿದು ಬಿದ್ದಿದ್ದಾನೆ. ರಾತ್ರಿ ಕಾಡಿನ ಆಲದ ಮರದ ಕೆಳಗೆ ಕೃಪ, ಕೃತವರ್ಮ ಮಲಗಿದ್ದಾರೆ. ಅಶ್ವತ್ಥಾಮನಿಗೆ ನಿದ್ದೆ ಇಲ್ಲ. ಮರದ ತುಂಬ ಕಾಗೆಗಳು ನಿದ್ದೆಯಲ್ಲಿವೆ. ಒಂದು ದೊಡ್ಡ ಗೂಬೆ ಸದ್ದಿಲ್ಲದೆ ಬಂದು ಅವನ್ನು ಕೊಲ್ಲುವುದನ್ನು ಅವನು ನೋಡುತ್ತಾನೆ. ಉಪಾಯ ಹುಟ್ಟಿದ್ದು ಅಲ್ಲಿ. ಆದರೆ ನೋಡಿ, ಅವನು ಎದ್ದು ನೇರ ಓಡುವುದಿಲ್ಲ. ಉಳಿದಿಬ್ಬರನ್ನು ಎಬ್ಬಿಸಿ ಹೇಳುತ್ತಾನೆ. ಸೋದರಮಾವ ಕೃಪ ಬೇಡ ಅನ್ನುತ್ತಾನೆ. ಈಗ ಮಲಗು, ಹಿರಿಯರನ್ನು ಕೇಳೋಣ, ಬೆಳಿಗ್ಗೆ ಎದುರು ನಿಂತು ಯುದ್ಧ ಮಾಡೋಣ, ಮಲಗಿದವರನ್ನು ಕೊಲ್ಲುವುದು ಅಧರ್ಮ ಅನ್ನುತ್ತಾನೆ. ಅಶ್ವತ್ಥಾಮ ಒಂದೊಂದಕ್ಕೂ ಉತ್ತರ ಕೊಡುತ್ತಾನೆ. ಆಯುಧ ಕೆಳಗಿಟ್ಟ ನನ್ನ ಅಪ್ಪನನ್ನು ಕೊಂದರಲ್ಲ, ಧರ್ಮ ಮುರಿದವರು ಅವರೇ ಅಲ್ಲವೇ ಎಂದು ಕೇಳುತ್ತಾನೆ. ಕೊನೆಗೆ, ಇದಕ್ಕಾಗಿ ಹುಳುವಾಗಿ ಹುಟ್ಟಿದರೂ ಅಡ್ಡಿಯಿಲ್ಲ ಅನ್ನುತ್ತಾನೆ.

ಅಂದರೆ ಅವನಿಗೆ ಎಲ್ಲ ಗೊತ್ತಿದೆ. ಗೊತ್ತಿದ್ದೇ ಹೋಗುತ್ತಾನೆ. ಶಿಬಿರದಲ್ಲಿ ಮೊದಲು ಕೊಲ್ಲುವುದು ಧೃಷ್ಟದ್ಯುಮ್ನನನ್ನು, ಅಪ್ಪನ ತಲೆ ಕಡಿದವನನ್ನು. ಆಯುಧದಿಂದಲಾದರೂ ಕೊಲ್ಲು ಎಂದು ಅವನು ಬೇಡಿದರೂ ಕೇಳದೆ ತುಳಿದು ಕೊಲ್ಲುತ್ತಾನೆ. ದ್ರೌಪದಿಯ ಐದು ಮಕ್ಕಳು ಅದರ ಆಮೇಲೆ. ಮೊದಲ ಕೊಲೆಗೆ ಸೇಡಿನ ನೇರ ದಾರಿ ಇದೆ. ಆ ದಾರಿ ತೆರೆದ ಮೇಲೆ ಉಳಿದವರೂ ಅದರಲ್ಲೇ ಸಿಕ್ಕಿಕೊಳ್ಳುತ್ತಾರೆ. ನಮಗೆ ಅಸಹ್ಯವಾಗುತ್ತದೆ, ಆದರೆ ‘ಇದು ಹೇಗಾಯಿತು’ ಎಂಬ ಪ್ರಶ್ನೆ ಏಳುವುದಿಲ್ಲ. ಕೃಪನ ಪಾತ್ರ ಇಲ್ಲದಿದ್ದರೆ ಏಳುತ್ತಿತ್ತು. ನನ್ನ ಬಳಿ ಬರುವ ಹೆಚ್ಚಿನ ಚಿತ್ರಕತೆಗಳಲ್ಲಿ ಕೃಪನೇ ಇರುವುದಿಲ್ಲ.

ಇಂಥ ಕೆಲಸಕ್ಕೆ ದೊಡ್ಡ ಕೃತ್ಯವೇ ಬೇಕು ಅಂತಲೂ ಇಲ್ಲ. 2015ರಿಂದ 2022ರವರೆಗೆ ಬಂದ ‘ಬೆಟರ್ ಕಾಲ್ ಸಾಲ್’ ಸರಣಿಯೂ ಪ್ರೀಕ್ವೆಲ್ಲೇ. ವಕೀಲ ಜಿಮ್ಮಿ ಎಂಥವನಾಗುತ್ತಾನೆ ಅಂತ ‘ಬ್ರೇಕಿಂಗ್ ಬ್ಯಾಡ್’ ನೋಡಿದವರಿಗೆ ಮೊದಲೇ ಗೊತ್ತು. ತಾನು ಪ್ರೀತಿಸುವ ವಕೀಲೆ ಕಿಮ್‌ಳ ಕೈತಪ್ಪಿದ ಕಕ್ಷಿದಾರರನ್ನು ಅವಳಿಗೆ ಮರಳಿ ಕೊಡಿಸಲು ಜಿಮ್ಮಿ ಒಂದು ರಾತ್ರಿ ಜೆರಾಕ್ಸ್ ಅಂಗಡಿಯಲ್ಲಿ ಕೂತು, ವಕೀಲನೇ ಆದ ಅಣ್ಣನ ಕಾಗದಗಳಲ್ಲಿ ವಿಳಾಸದ ಅಂಕಿ ಬದಲಿಸುತ್ತಾನೆ. 1261 ಇದ್ದದ್ದು 1216 ಆಗುತ್ತದೆ. ಕತ್ತರಿ, ಅಂಟು, ಎರಡು ಅಂಕಿ. ಯಾರೂ ಸಾಯುವುದಿಲ್ಲ. ಆದರೆ ಅದು ಪ್ರೀತಿಯಿಂದಲೇ ಮಾಡಿದ ಕೆಲಸ, ಅದರಿಂದ ಅಣ್ಣನ ಮಾನ ಹೋಗುತ್ತದೆ ಅಂತ ಅವನಿಗೆ ಗೊತ್ತು, ಮತ್ತು ಅದು ಫಲ ಕೊಡುತ್ತದೆ. ಫಲ ಕೊಡುವುದು ಮುಖ್ಯ. ತಪ್ಪು ಕೆಲಸ ಕೈಗೂಡಿತು ಅನ್ನುವ ಸುಖ ಸಿಗದಿದ್ದರೆ ಎರಡನೇ ಹೆಜ್ಜೆ ಯಾರು ಇಡುತ್ತಾರೆ?

1972ರ ‘ಗಾಡ್‌ಫಾದರ್’ನಲ್ಲಿ ಆಸ್ಪತ್ರೆಯ ಮೆಟ್ಟಿಲ ಮೇಲಿನ ದೃಶ್ಯವೂ ಹೀಗೇ. ಕೊಲೆಗಾರರ ಕಾರು ಬಂದು ಹೋದ ಮೇಲೆ ಬೇಕರಿಯವನ ಕೈ ನಡುಗಿ ಸಿಗರೇಟು ಹೊತ್ತಿಸಲು ಆಗುವುದಿಲ್ಲ. ಮಾಫಿಯಾ ದೊರೆಯ ಮಗ ಮೈಕಲ್ ಹೊತ್ತಿಸಿ ಕೊಡುತ್ತಾನೆ, ಆಮೇಲೆ ತನ್ನ ಕೈ ನಡುಗುತ್ತಿಲ್ಲ ಎಂಬುದನ್ನು ಗಮನಿಸುತ್ತಾನೆ. ಈ ಕೆಲಸ ತನಗೆ ಬರುತ್ತದೆ ಎಂದು ಅವನಿಗೆ ತಿಳಿಯುವುದು ಅಲ್ಲಿ. ಅಪ್ಪನಿಗೆ ಬಿದ್ದ ಗುಂಡಿಗಿಂತ ಈ ನಡುಗದ ಕೈ ಹೆಚ್ಚು ಹೇಳುತ್ತದೆ.

ಒಂದು ಎಚ್ಚರಿಕೆ. ಇದು ಎಲ್ಲ ಖಳರಿಗೂ ಅನ್ವಯಿಸುವ ನಿಯಮ ಅಲ್ಲ. ಮೊದಲಿನಿಂದಲೂ ಕ್ರೂರಿಯಾಗಿರುವವನ ಕತೆಗೆ ಇದೆಲ್ಲ ಬೇಡ. ಮತ್ತೆ, ನಾನು ಹೇಳಿದಂತೆ ಬರೆದರೆ ಚಿತ್ರ ಓಡುತ್ತದೆ ಅಂತಲೂ ಮಾತು ಕೊಡಲಾರೆ. ಚಿತ್ರ ಓಡುವುದಕ್ಕೆ ಬೇರೆ ನೂರು ಕಾರಣ ಇರುತ್ತವೆ.

ಈ ಮಳೆಗಾಲದಲ್ಲಿ ತದಡಿ ಕಡೆಯ ಹುಡುಗನೊಬ್ಬ ಒಂದು ಚಿತ್ರಕತೆ ತಂದಿದ್ದ. ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. ಕಲಾಸಿಗಳ, ಅಂದರೆ ಬೋಟಿನ ಕೆಲಸಗಾರರ, ಪಾಲು ನುಂಗುವ ಬೋಟ್ ಮಾಲೀಕ ಅವನ ಖಳ. ಈ ಮಾಲೀಕ ಹಿಂದೆ ಬೋಟ್ ನಡೆಸುವ ಒಳ್ಳೆಯ ತಾಂಡೇಲನಾಗಿದ್ದ ಎಂಬುದು ಕತೆ. ಅಪ್ಪ ಸಮುದ್ರದಲ್ಲಿ ಹೋಗಿದ್ದ, ಅಮ್ಮನಿಗೆ ಕಾಯಿಲೆ, ಪ್ರೀತಿಸಿದ ಹುಡುಗಿ ಬಿಟ್ಟು ಹೋಗಿದ್ದಳು. ನಾನು ಒಂದೇ ಪ್ರಶ್ನೆ ಕೇಳಿದೆ: "ಕಲಾಸಿಗೆ ಸೇರಬೇಕಾದ ದುಡ್ಡನ್ನ ಇವ ಮೊದಲ ಸಲ ಇಟ್ಟುಕೊಂಡದ್ದು ಯಾವಾಗ?"

ಅವನು ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ ಅವನ ಬಾಯಿಂದಲೇ ಬಂತು. ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆ ನಿಷೇಧ. ಆಗ ಬೋಟಿನ ಕೆಲಸಕ್ಕೆ ಸಾಲ ಆಗಿರುತ್ತದೆ. ಆಗಸ್ಟ್‌ನಲ್ಲಿ ಮೊದಲ ಸಲ ಒಳ್ಳೆಯ ಮೀನು ಬೀಳುತ್ತದೆ. ಮಾರಿ ಬಂದ ದುಡ್ಡಿನಲ್ಲಿ ಇವನು ಪಾಲು ಹಂಚುವಾಗ ದರ ಕಡಿಮೆ ಸಿಕ್ಕಿತು ಅಂತ ಸುಳ್ಳು ಹೇಳುತ್ತಾನೆ. ಯಾರೂ ಕೇಳುವುದಿಲ್ಲ, ಯಾಕೆಂದರೆ ಎಲ್ಲರಿಗೂ ಅವನ ಮೇಲೆ ನಂಬಿಕೆ. ಒಬ್ಬ ಹಳೆಯ ಕಲಾಸಿಗೆ ಮಾತ್ರ ಆ ದಿನದ ದರ ಗೊತ್ತು. ಅವನು ಸಂಜೆ ಮನೆಗೆ ಬಂದು, "ದುಡ್ಡು ಬೇಕಿದ್ರೆ ಕೇಳು ಮಾರಾಯ, ನಾವೇ ಬಿಟ್ಟುಕೊಡ್ತಿದ್ವಿ" ಅನ್ನುತ್ತಾನೆ.

ಅಲ್ಲಿಯವರೆಗೆ ಬರೆದು ತಂದ. ತಾಂಡೇಲ ಈ ಕಲಾಸಿಗೆ ಏನು ಉತ್ತರ ಕೊಡುತ್ತಾನೆ ಎಂಬುದು ಇನ್ನೂ ಕೂಡಿ ಬಂದಿಲ್ಲ. ಒಂದು ಡ್ರಾಫ್ಟ್‌ನಲ್ಲಿ ಅಳುತ್ತಾನೆ, ಇನ್ನೊಂದರಲ್ಲಿ ಹೊಡೆಯುತ್ತಾನೆ. ಎರಡೂ ಬೇಡ ಅಂದಿದ್ದೇನೆ. ಅವನು ವಾದ ಮಾಡಬೇಕು, ಮತ್ತು ಆ ವಾದದಲ್ಲಿ ಕೇಳುವವನಿಗೆ ಹೌದಲ್ಲ ಅನ್ನಿಸುವ ಒಂದು ಮಾತಾದರೂ ಇರಬೇಕು. ಹುಡುಗ ಈಗ ಅದನ್ನು ಬರೆಯುತ್ತಿದ್ದಾನೆ.