ಎಲೆ ಬಿಡುವ ಆಕ್ಸಿಜನ್ ಎಲ್ಲಿಂದ ಬಂತು? ದ್ಯುತಿಸಂಶ್ಲೇಷಣೆಯ ಟಿಪ್ಪಣಿ

ದ್ಯುತಿಸಂಶ್ಲೇಷಣೆಯ ಸಮೀಕರಣ ನಮಗೆಲ್ಲ ಬಾಯಿಪಾಠ. ಇಂಗಾಲದ ಡೈಆಕ್ಸೈಡ್‌ನ 6 ಅಣು, ನೀರಿನ 6 ಅಣು ಒಳಗೆ. ಗ್ಲೂಕೋಸ್‌ನ 1 ಅಣು, ಆಕ್ಸಿಜನ್‌ನ 6 ಅಣು ಹೊರಗೆ. ಬಾಣದ ಮೇಲೆ ಸೂರ್ಯನ ಬೆಳಕು, ಕೆಳಗೆ ಪತ್ರಹರಿತ್ತು ಅಂತ ಬರೆದರೆ ಅಂಕ ಗ್ಯಾರಂಟಿ. ಆದರೆ ಹೊರಗೆ ಬಂದ ಆ ಆಕ್ಸಿಜನ್ ಮೊದಲು ಎಲ್ಲಿತ್ತು? ಇಂಗಾಲದ ಡೈಆಕ್ಸೈಡ್‌ನಲ್ಲೋ, ನೀರಿನಲ್ಲೋ?

ಹೆಚ್ಚಿನವರು ಮೊದಲನೆಯದನ್ನೇ ಹೇಳುತ್ತಾರೆ. ಗಿಡ ಕೆಟ್ಟ ಗಾಳಿ ಎಳೆದುಕೊಂಡು ಒಳ್ಳೆ ಗಾಳಿ ಬಿಡುತ್ತದೆ ಅಂತ ಚಿಕ್ಕಂದಿನಿಂದ ಕೇಳಿದ್ದೇವಲ್ಲ, ಅದರ ಪ್ರಭಾವ. ಸರಿಯಾದ ಉತ್ತರ ನೀರು. 1941ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ರೂಬೆನ್, ಮಾರ್ಟಿನ್ ಕೇಮನ್ ಮತ್ತು ಸಂಗಡಿಗರು ಇದನ್ನು ತೋರಿಸಿಕೊಟ್ಟರು. ತೂಕ ಜಾಸ್ತಿ ಇರುವ ಆಕ್ಸಿಜನ್-18 ಬೆರೆತ ನೀರನ್ನು ಕ್ಲೋರೆಲ್ಲಾ ಎಂಬ ಪಾಚಿಗೆ ಕೊಟ್ಟರು. ಪಾಚಿ ಬಿಟ್ಟ ಆಕ್ಸಿಜನ್‌ನಲ್ಲಿ ಆ ಭಾರದ ಪರಮಾಣುಗಳ ಪಾಲು ಹೆಚ್ಚುಕಮ್ಮಿ ನೀರಿನಲ್ಲಿ ಇದ್ದಷ್ಟೇ ಇತ್ತು.

ಈಗ ಪೆನ್ನು ಹಿಡಿದು ಲೆಕ್ಕ ಹಾಕಿ. 6 ಅಣು ನೀರಿನಲ್ಲಿ ಇರುವುದು 6 ಆಕ್ಸಿಜನ್ ಪರಮಾಣು. ಹೊರಗೆ ಬರುವುದು 12. ಎಲ್ಲವೂ ನೀರಿನಿಂದಲೇ ಬರಬೇಕಾದರೆ ಲೆಕ್ಕ ತಾಳೆಯಾಗುವುದಿಲ್ಲ ಅಲ್ವಾ? ಅದಕ್ಕೇ ಪಿಯುಸಿ ಪುಸ್ತಕದ ಸಮೀಕರಣದಲ್ಲಿ ಎಡಗಡೆ 12 ನೀರು, ಬಲಗಡೆ 6 ನೀರು ಇರುತ್ತದೆ. ಎರಡೂ ಕಡೆ ನೀರು ಇದೆಯಲ್ಲ, ಸುಮ್ನೆ ಕಳೆದುಬಿಡೋಣ ಅನಿಸುತ್ತದೆ. ಕಳೆಯಬೇಡಿ. ಎಡಗಡೆಯ ನೀರು ಒಡೆದುಹೋಗುತ್ತದೆ, ಬಲಗಡೆಯದು ಹೊಸದಾಗಿ ಹುಟ್ಟಿದ ನೀರು. ಇಂಗಾಲದ ಡೈಆಕ್ಸೈಡ್‌ನಲ್ಲಿದ್ದ 12 ಆಕ್ಸಿಜನ್ ಪರಮಾಣುಗಳಲ್ಲಿ ಅರ್ಧ ಗ್ಲೂಕೋಸ್‌ಗೆ ಹೋದವು, ಇನ್ನರ್ಧ ಈ ಹೊಸ ನೀರಿಗೆ. ನನ್ನ ಮಟ್ಟಿಗೆ ಇಡೀ ಪಾಠದಲ್ಲಿ ಇದಕ್ಕಿಂತ ಚೆಂದದ ಲೆಕ್ಕ ಇಲ್ಲ.

ನೀರನ್ನು ಒಡೆಯುವುದು ಯಾಕೆ? ಎಲೆಕ್ಟ್ರಾನ್‌ಗಾಗಿ. ಬೆಳಕು ಬಿದ್ದಾಗ ಪತ್ರಹರಿತ್ತು ಎಲೆಕ್ಟ್ರಾನ್ ಕಳೆದುಕೊಳ್ಳುತ್ತದೆ, ಆ ಜಾಗವನ್ನು ನೀರಿನ ಎಲೆಕ್ಟ್ರಾನ್ ತುಂಬುತ್ತದೆ. ಆಕ್ಸಿಜನ್ ಗಿಡದ ಪಾಲಿಗೆ ಉಳಿಕೆ ಪದಾರ್ಥ ಅಷ್ಟೆ. ಹೊರಟ ಎಲೆಕ್ಟ್ರಾನ್‌ಗಳಿಂದ ಎಟಿಪಿ, ಎನ್‌ಎಡಿಪಿಎಚ್ ಎಂಬ ಶಕ್ತಿ ಹೊರುವ ಅಣುಗಳು ಸಿದ್ಧವಾಗುತ್ತವೆ. ಗಿಡ ಶಕ್ತಿಯನ್ನು ಹುಟ್ಟಿಸುವುದಿಲ್ಲ, ಬೆಳಕಿನ ಶಕ್ತಿಯನ್ನು ಈ ಅಣುಗಳಿಗೆ ದಾಟಿಸುತ್ತದೆ. ಆದರೆ ಇವನ್ನು ದಿನಗಟ್ಟಲೆ ಕೂಡಿಡಲು ಬರುವುದಿಲ್ಲ. ಅದಕ್ಕೇ ಸಕ್ಕರೆ ಬೇಕು, ಪಿಷ್ಟ ಬೇಕು. ಒಂದು ಗ್ಲೂಕೋಸ್‌ಗೆ 18 ಎಟಿಪಿ, 12 ಎನ್‌ಎಡಿಪಿಎಚ್ ಖರ್ಚು. ಇಂಗಾಲದ ಡೈಆಕ್ಸೈಡ್‌ನಿಂದ ಸಕ್ಕರೆ ಕಟ್ಟುವ ಈ ಎರಡನೇ ಹಂತವೇ ಕ್ಯಾಲ್ವಿನ್ ಚಕ್ರ. ಇದಕ್ಕೆ ನೇರವಾಗಿ ಬೆಳಕು ಬೇಡ, ಹಾಗಂತ ರಾತ್ರಿ ನಡೆಯುತ್ತದೆ ಅಂತ ಬರೆಯಬೇಡಿ. ಹಗಲಲ್ಲೇ ನಡೆಯುತ್ತದೆ.

ಪಿಷ್ಟ ಕಣ್ಣಿಗೆ ಕಾಣಬೇಕಾದರೆ ಕ್ರೋಟನ್ ಗಿಡದ ಹಸಿರು-ಹಳದಿ ಎಲೆ ಒಳ್ಳೆಯದು. ಕಿತ್ತ ಕೂಡಲೇ ಹಸಿರು ಭಾಗದ ನಕ್ಷೆಯನ್ನು ಕಾಗದದ ಮೇಲೆ ಬಿಡಿಸಿಕೊಳ್ಳಿ. ಎಲೆಯನ್ನು ನೀರಿನಲ್ಲಿ ಕುದಿಸಿ, ಆಮೇಲೆ ಆಲ್ಕೋಹಾಲ್‌ನಲ್ಲಿ ಬೇಯಿಸಿದರೆ ಬಣ್ಣವೆಲ್ಲ ಬಿಟ್ಟು ಎಲೆ ಬಿಳಿಚಿಕೊಂಡು ಪೆಡಸಾಗುತ್ತದೆ. (ಆಲ್ಕೋಹಾಲ್ ಬೆಂಕಿ ಹಿಡಿಯುತ್ತದೆ. ಬಿಸಿನೀರಿನ ಪಾತ್ರೆಯೊಳಗಿಟ್ಟೇ ಕಾಯಿಸಬೇಕು, ಮೇಷ್ಟ್ರು ಪಕ್ಕದಲ್ಲಿರಲಿ.) ತೊಳೆದು ಅಯೋಡಿನ್ ಹಾಕಿದರೆ ನಿಮ್ಮ ನಕ್ಷೆಯ ಹಸಿರು ಭಾಗವಷ್ಟೇ ನೀಲಿಗಪ್ಪಾಗುತ್ತದೆ. ಪಿಷ್ಟ ಇರುವುದು ಅಲ್ಲೇ.

ಇನ್ನು ಇಂಗಾಲದ ಕಥೆ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹಿಡಿಯುವ ಕಿಣ್ವ ರುಬಿಸ್ಕೋ. ಭಾರಿ ನಿಧಾನ, ಸೆಕೆಂಡಿಗೆ ಬರೀ ಮೂರ್ನಾಲ್ಕು ಅಣು. ಸಾಲದ್ದಕ್ಕೆ ಆಗಾಗ ಆಕ್ಸಿಜನನ್ನೇ ಹಿಡಿದುಬಿಡುತ್ತದೆ. ಬಿಸಿಲು ಜೋರಾಗಿ ನೀರು ಉಳಿಸಲು ಪತ್ರರಂಧ್ರ (ಗಾಳಿಯಾಡುವ ಎಲೆಯ ಸಣ್ಣ ತೂತು) ಮುಚ್ಚಿಕೊಂಡರೆ ಈ ತಪ್ಪು ಇನ್ನೂ ಜಾಸ್ತಿ. ಭತ್ತ, ಗೋಧಿ, ಮಾವು, ಬೇವು ಎಲ್ಲಕ್ಕೂ ಈ ನಷ್ಟ ಇದೆ. ರಾಗಿ, ಜೋಳ, ಕಬ್ಬು ಇದಕ್ಕೊಂದು ದಾರಿ ಕಂಡುಕೊಂಡಿವೆ. ಮೊದಲು ಬೇರೊಂದು ಕಿಣ್ವದಿಂದ ಇಂಗಾಲ ಹಿಡಿದು, ಎಲೆಯ ನರದ ಸುತ್ತಲಿನ ಜೀವಕೋಶಗಳಿಗೆ ತಂದು, ಅಲ್ಲಿ ರುಬಿಸ್ಕೋಗೆ ಒತ್ತೊತ್ತಾಗಿ ಒದಗಿಸುತ್ತವೆ. ಬಯಲುಸೀಮೆಯ ಬಿಸಿಲಿಗೆ ರಾಗಿ, ಜೋಳ ಒಗ್ಗಿಕೊಂಡಿರುವುದರಲ್ಲಿ ಇದರ ಪಾಲೂ ಇದೆ.

ಕಾಡುಬಸಳೆಯ ದಾರಿ ಬೇರೆ. ಎಲೆಯ ಅಂಚಿನಲ್ಲೇ ಮರಿಗಿಡ ಹುಟ್ಟುತ್ತದಲ್ಲ, ಪುಸ್ತಕದಲ್ಲಿ ಬ್ರಯೋಫಿಲಂ ಅಂತ ಇರುತ್ತದೆ, ಅದೇ ಗಿಡ. ಅದು ರಾತ್ರಿ ಪತ್ರರಂಧ್ರ ತೆರೆದು, ಹಿಡಿದ ಇಂಗಾಲವನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತದೆ. ಹಗಲು ರಂಧ್ರ ಮುಚ್ಚಿಕೊಂಡು ಆ ಆಮ್ಲವನ್ನು ಒಡೆದು ಸಕ್ಕರೆ ಮಾಡುತ್ತದೆ. ಲಾಲ್‌ಬಾಗ್‌ನ ಉಸ್ತುವಾರಿ ನೋಡಿಕೊಂಡಿದ್ದ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೇಯ್ನ್, ಭಾರತದಲ್ಲಿದ್ದಾಗ ಈ ಎಲೆಯನ್ನು ಅಗಿದು ನೋಡಿ, ಬೆಳಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ ಅಂತ ಲಂಡನ್ನಿಗೆ ಪತ್ರ ಬರೆದಿದ್ದರು. ಅದು 1815ರಲ್ಲಿ ಅಚ್ಚಾಯಿತು. ನೀವು ಅಗಿಯುವ ಬದಲು ಬೆಳಗ್ಗೆ ಒಂದು, ಸಂಜೆ ಒಂದು ಎಲೆ ಜಜ್ಜಿ, ರಸಕ್ಕೆ ಹುಳಿ ತೋರಿಸುವ ಪಿಎಚ್ ಕಾಗದ ಅದ್ದಿ ಬಣ್ಣ ಹೋಲಿಸಿದರೆ ಸಾಕು.