ತಾಳೆ ತೋಟದ ಎಲೆ ಪೋಷಕಾಂಶ ಮ್ಯಾಪ್: 17ನೇ ಗರಿಯಿಂದ ಶುರು ಮಾಡೋಣ

ಎಣ್ಣೆ ತಾಳೆ ತೋಟದಲ್ಲಿ ಎಲ್ಲಿ ಯಾವ ಪೋಷಕಾಂಶ ಕಮ್ಮಿ ಅಂತ ತೋರಿಸೋ ಮ್ಯಾಪ್ ಅಂದ ತಕ್ಷಣ ಎಲ್ರೂ ಸಾಫ್ಟ್‌ವೇರ್ ಓಪನ್ ಮಾಡ್ತಾರೆ, ನಾನೂ ಹಂಗೇ ಮಾಡಿದ್ದೆ, ಆದ್ರೆ ಎಡವಟ್ಟು ಅದಕ್ಕೂ ಮುಂಚೆ ಗರಿ ಕೊಯ್ಯೋವಾಗ್ಲೇ ಆಗಿರತ್ತೆ. ಬೆಳೆದ ಮರದಲ್ಲಿ 17ನೇ ಗರಿಯಿಂದ ಸ್ಯಾಂಪಲ್ ತಗೋಬೇಕು. ಸುಳಿ ಪಕ್ಕ ಎಲೆಗಳೆಲ್ಲ ಪೂರ್ತಿ ಬಿಚ್ಕೊಂಡಿರೋ ಎಳೇ ಗರಿನೇ 1, ಗರಿಗಳು ಎಂಟು ಸುರುಳಿ ಸಾಲಲ್ಲಿ ಬರೋದ್ರಿಂದ 1ರ ಕೆಳಗೆ ಸ್ವಲ್ಪ ಪಕ್ಕಕ್ಕೆ 9, ಅದರ ಕೆಳಗೆ 17, ಒಂದೊಂದಾಗಿ ಎಣಿಸ್ತಾ ನಿಲ್ಲೋ ಕೆಲ್ಸ ಇಲ್ಲ. ಗರಿಯ ನಡುಭಾಗದಲ್ಲಿ ಎರಡೂ ಕಡೆಯ ಎಲೆ ತಗೊಂಡು, ತುದಿ ಬುಡ ಬಿಟ್ಟು, ಕಡ್ಡಿ (ನಾವು ಪೊರಕೆಗೆ ತೆಗೀತೀವಲ್ಲ, ಅದೇ ಥರ) ಸೀಳಿ ಹಾಕಿ ಒಣಗಿಸಬೇಕು.

ಯಾಕಿಷ್ಟು ಶಿಸ್ತು? ಗರಿಗೆ ವಯಸ್ಸಾದಂಗೆ ಪೊಟ್ಯಾಶ್ (ಪೊಟ್ಯಾಶಿಯಂ) ಇಳಿಯತ್ತೆ, ಕ್ಯಾಲ್ಸಿಯಂ ಏರತ್ತೆ. ಒಂದು ಮರದಲ್ಲಿ 17, ಪಕ್ಕದ್ದರಲ್ಲಿ 22 ಕೊಯ್ದ್ರೆ ಮ್ಯಾಪಲ್ಲಿ ಕಾಣೋದು ಮಣ್ಣಿನ ವ್ಯತ್ಯಾಸ ಅಲ್ಲ, ಗರಿ ವಯಸ್ಸಿನ ವ್ಯತ್ಯಾಸ.

ಬೆಳೆದ ಮರದ 17ನೇ ಗರಿಗೆ ಪಠ್ಯದಲ್ಲಿ ಕೊಡೋ ಕ್ರಿಟಿಕಲ್ ಮಟ್ಟ (ಇದಕ್ಕಿಂತ ಇಳಿದ್ರೆ ಕೊರತೆ ಅಂತ) ಸಾರಜನಕ 2.5%, ರಂಜಕ 0.15%, ಪೊಟ್ಯಾಶಿಯಂ 1.0%, ಮೆಗ್ನೀಷಿಯಂ 0.24%. ಬಾಯಿಪಾಠ ಮಾಡ್ಕೊಳ್ಳಿ, ಆದ್ರೆ ಕಣ್ಮುಚ್ಚಿ ನಂಬಬೇಡಿ.

ಈಗ ಮ್ಯಾಪ್. ಎಲ್ಲಾ ಮರದ್ದೂ ಕೊಯ್ಯಕ್ಕಾಗಲ್ಲ, 9 ಮೀಟರ್ ತ್ರಿಕೋನದ ನಾಟಿಯಲ್ಲಿ ಹೆಕ್ಟೇರ್‌ಗೆ 143 ಮರ ಇರ್ತಾವೆ, ಹಾಗಾಗಿ ಹತ್ತು ಸಾಲಿಗೊಂದು ಸಾಲು, ಅದರಲ್ಲಿ ಹತ್ತು ಮರಕ್ಕೊಂದು ಅಂತ ತಗೊಂಡು ಮಿಕ್ಕಿದ್ದನ್ನ ಕ್ರಿಗಿಂಗ್‌ನಿಂದ, ಅಂದ್ರೆ ಸುತ್ತಲ ಮರಗಳ ಅಳತೆಯಿಂದ ನಡುವಿನದ್ದನ್ನ ಊಹಿಸೋ ಲೆಕ್ಕದಿಂದ, ಅಂದಾಜು ಮಾಡೋದು. ದಕ್ಷಿಣ ಆಫ್ರಿಕಾದ ಗಣಿ ಎಂಜಿನಿಯರ್ ಡ್ಯಾನಿ ಕ್ರಿಗೆ ಚಿನ್ನದ ಅದಿರು ಲೆಕ್ಕ ಹಾಕಕ್ಕೆ ಶುರುಮಾಡಿದ್ದು ಇದು, ಹೆಸರು ಅವ್ರದ್ದೇ. ಈ ಲೆಕ್ಕಕ್ಕೆ ಆಧಾರ ವೇರಿಯೋಗ್ರಾಮ್ ಅನ್ನೋ ಗ್ರಾಫ್, ಅದು ಕೇಳೋದು ಒಂದೇ ಪ್ರಶ್ನೆ: ಎರಡು ಮರದ ನಡುವೆ ದೂರ ಹೆಚ್ಚಿದಂಗೆ ವ್ಯತ್ಯಾಸ ಎಷ್ಟು ಹೆಚ್ಚತ್ತೆ? ದೂರ ಸೊನ್ನೆಗೆ ಬಂದ್ರೂ ಉಳಿಯೋ ವ್ಯತ್ಯಾಸ ನಗೆಟ್, ಏರಿ ಏರಿ ಸಮ ಆಗೋ ಮಟ್ಟ ಸಿಲ್. ಉದಾಹರಣೆಗೆ ನಗೆಟ್ 0.06, ಸಿಲ್ 0.08 ಬಂತು ಅನ್ಕೊಳ್ಳಿ, ನಗೆಟ್ ಸಿಲ್‌ನ 75%, ಅಂದ್ರೆ ಪಕ್ಕದ ಮರ ನೋಡಿ ಈ ಮರದ ಬಗ್ಗೆ ಹೇಳೋದು ಕಷ್ಟ, ಅಂಥ ಕಡೆ ಬಣ್ಣಬಣ್ಣದ ಮ್ಯಾಪ್ ಬರೀ ಚಂದಕ್ಕೆ. 25%ಗಿಂತ ಕಮ್ಮಿ ಇದ್ರೆ ಧೈರ್ಯವಾಗಿ ಬಳಸ್ಬೋದು.

ಎಲ್ರೂ ಸಿಕ್ಕಾಕ್ಕೊಳ್ಳೋದು ಇಳುವರಿ ಜೊತೆ ಹೋಲಿಸೋವಾಗ. ಈ ವರ್ಷದ ಎಲೆ ರಿಪೋರ್ಟನ್ನ ಈ ವರ್ಷದ ಗೊನೆ ತೂಕದ ಮೇಲೆ ಇಟ್ಟು ಸಂಬಂಧನೇ ಇಲ್ಲ ಅಂತಾರೆ. ಹೂಗೊನೆ ಗಂಡೋ ಹೆಣ್ಣೋ ಅಂತ ತೀರ್ಮಾನ ಆಗೋದೇ ಕೊಯ್ಲಿಗೆ ಸುಮಾರು ಎರಡು ವರ್ಷ ಮುಂಚೆ, ಅದರಲ್ಲಿ ಕೊನೇ ಐದಾರು ತಿಂಗಳು ಹೂ ಅರಳಿದ ಮೇಲೆ ಹಣ್ಣಾಗಕ್ಕೆ. ಹಾಗಾಗಿ ಎಲೆ ಡೇಟಾನ ಎರಡು ಮೂರು ವರ್ಷ ಆಮೇಲಿನ ಇಳುವರಿ ಜೊತೆನೂ ಇಟ್ಟು ನೋಡಿ, ಅದೂ ಒಂದು ಕೊಯ್ಲಿನ ತೂಕ ಅಲ್ಲ, ಇಡೀ ವರ್ಷದ್ದು ಕೂಡಿಸಿ.

ನಮ್ಮ ಭದ್ರಾ, ತುಂಗಭದ್ರಾ ಅಚ್ಚುಕಟ್ಟಿನ ತೋಟಗಳಿಗೆ ಇನ್ನೊಂದು ತೊಡಕು ನೀರು. ನೀರು ಕಮ್ಮಿಯಾದ್ರೆ ಗಂಡು ಹೂಗೊನೆ ಹೆಚ್ಚಾಗತ್ತೆ, ಹಾಗಾಗಿ ನಾಲೆ ಕೊನೇ ಭಾಗದ ತೋಟದಲ್ಲಿ ಎಲೆ ರಿಪೋರ್ಟ್ ಚೆನ್ನಾಗಿದ್ದೂ ಗೊನೆ ಕಮ್ಮಿ ಇರ್ಬೋದು. ಮ್ಯಾಪಲ್ಲಿ ನೀರಿನ ಕಾಲಂ ಇಲ್ದಿದ್ರೆ ಆ ತಪ್ಪನ್ನೂ ಪೊಟ್ಯಾಶ್ ತಲೆಗೇ ಕಟ್ತೀವಿ.