ಹಾಲ್‌ಸ್ಯಾಂಡ್ಸ್: ಇಡುಗಂಟು ಕಳೆದುಕೊಂಡ ಕಡಲ ಕೇರಿ

ಇಂಗ್ಲೆಂಡಿನ ಡೆವನ್ ಕೌಂಟಿಯ ದಕ್ಷಿಣ ಕರಾವಳಿಯಲ್ಲಿ, ಸ್ಟಾರ್ಟ್ ಪಾಯಿಂಟ್ ದೀಪಸ್ತಂಭದ ಉತ್ತರಕ್ಕೆ, ಹಾಲ್‌ಸ್ಯಾಂಡ್ಸ್ ಎಂಬ ಮೀನುಗಾರರ ಕೇರಿಯಿತ್ತು. ಬೆನ್ನಿಗೆ ಕಡಿದಾದ ಬಂಡೆ, ಎದುರಿಗೆ ಕಡಲು, ನಡುವೆ ಒಂದೇ ಬೀದಿ. 1891ರಲ್ಲಿ ಅಲ್ಲಿದ್ದದ್ದು 37 ಮನೆ, 159 ಜನ, ಲಂಡನ್ ಇನ್ ಎಂಬ ಒಂದು ಪಬ್ಬು. ಏಡಿ ಹಿಡಿಯುವುದು ಮುಖ್ಯ ಕಸುಬು.

ಕೇರಿಯನ್ನು ಕಾಯುತ್ತಿದ್ದದ್ದು ಮುಂದಿನ ಉರುಟುಗಲ್ಲಿನ ದಂಡೆ. ಅಲೆ ಏರಿ ಬಂದಾಗ ನೀರು ಕಲ್ಲುಗಳ ಸಂದಿಯಲ್ಲಿ ಇಂಗುತ್ತದೆ. ಹಿಂದಕ್ಕೆ ಹರಿಯುವ ನೀರು ಕಡಿಮೆಯಾಗಿ ಎಳೆತವೂ ಸೊರಗುತ್ತದೆ. ದಂಡೆ ಎತ್ತರವಿದ್ದಷ್ಟೂ ಅಲೆ ಮನೆಯ ಗೋಡೆ ಮುಟ್ಟುವ ಮೊದಲೇ ಸುಸ್ತಾಗುತ್ತದೆ. ಮನೆಗಳ ಅಡಿಪಾಯವಾದರೋ ಪೂರ್ತಿ ಬಂಡೆಯ ಮೇಲಿರಲಿಲ್ಲ. ಕೆಲವು ಕಡೆ ಬಂಡೆಯ ಬಿರುಕುಗಳಲ್ಲಿ ತುಂಬಿಕೊಂಡ ಹಳೆಯ ಮರಳು, ಕಲ್ಲುಗಳ ಮೇಲೇ ಗೋಡೆ ಎದ್ದಿತ್ತು. ಮುಂದಿನ ದಂಡೆ ಇರುವತನಕ ಅದೇನೂ ತೊಂದರೆಯಾಗಿರಲಿಲ್ಲ.

1890ರ ದಶಕದಲ್ಲಿ ಪ್ಲಿಮತ್ ಬಳಿಯ ಕೀಹ್ಯಾಮ್ ನೌಕಾಂಗಣದ ವಿಸ್ತರಣೆ ಶುರುವಾಯಿತು. ಕಾಂಕ್ರೀಟಿಗೆ ಜಲ್ಲಿ ಬೇಕಿತ್ತು. ಗುತ್ತಿಗೆದಾರ ಸರ್ ಜಾನ್ ಜಾಕ್ಸನ್‌ನ ಕಂಪನಿಗೆ ಹಾಲ್‌ಸ್ಯಾಂಡ್ಸ್ ಮತ್ತು ಪಕ್ಕದ ಊರು ಬೀಸ್ಯಾಂಡ್ಸ್‌ನ ದಂಡೆಯಿಂದ ಕಲ್ಲು ತೆಗೆಯಲು ಬ್ರಿಟಿಷ್ ಸರ್ಕಾರದ ವ್ಯಾಪಾರ ಇಲಾಖೆಯಾದ ಬೋರ್ಡ್ ಆಫ್ ಟ್ರೇಡ್ ಅನುಮತಿ ಕೊಟ್ಟಿತು. 1897ರಿಂದ ಡ್ರೆಜರ್‌ಗಳು, ಅಂದರೆ ಕಡಲತಳ ಬಗೆಯುವ ಹಡಗುಗಳು, ದಿನಕ್ಕೆ 1,600 ಟನ್ನಿನವರೆಗೂ ಎತ್ತಿದವು. ತೆಗೆದ ಗುಂಡಿಯನ್ನು ಕಡಲೇ ತುಂಬಿಕೊಡುತ್ತದೆ ಎಂಬುದು ಅಧಿಕಾರಿಗಳ ಲೆಕ್ಕ.

ಎಡವಟ್ಟಾದದ್ದು ಇಲ್ಲೇ. ಆ ದಂಡೆಯಲ್ಲಿ ಹೆಚ್ಚಾಗಿ ಇದ್ದದ್ದು ಚಕಮಕಿ ಕಲ್ಲು. ಪಕ್ಕದ ಬಂಡೆಯೋ ಅಭ್ರಕದ ಪದರಗಲ್ಲು. ಅದು ಎಷ್ಟು ಸವೆದರೂ ಚಕಮಕಿ ಕಲ್ಲು ಹುಟ್ಟುವುದಿಲ್ಲ. ಹಿಮಯುಗ ಮುಗಿದು ಕಡಲಮಟ್ಟ ಏರಿದಾಗ ದಡಕ್ಕೆ ತಳ್ಳಲ್ಪಟ್ಟ ಹಳೆಯ ರಾಶಿ ಅದು. ಬಡ್ಡಿ ಎಂದುಕೊಂಡು ಇಡುಗಂಟನ್ನೇ ಬಗೆದರು. ಕೊಲ್ಲಿಯೊಳಗೆ ಉಳಿದ ಕಲ್ಲು ಗಾಳಿ ತಿರುಗಿದಂತೆ ಅತ್ತಿತ್ತ ಸರಿಯುತ್ತದೆಯೇ ಹೊರತು ಹೊಸದು ಬರುವುದಿಲ್ಲ.

1900ರ ಹೊತ್ತಿಗೆ ದಂಡೆ ಕುಸಿದದ್ದು ಕಣ್ಣಿಗೇ ಕಾಣುತ್ತಿತ್ತು. ಜನ ತಕರಾರು ತೆಗೆದರು. 1902ರ ಜನವರಿಯಲ್ಲಿ ಪರವಾನಗಿ ರದ್ದಾಯಿತು. ಅಷ್ಟರಲ್ಲಿ ಸುಮಾರು 6,50,000 ಟನ್ ಹೋಗಿತ್ತು. ಮರುವರ್ಷದ ಬಿರುಗಾಳಿಗೆ ಕೆಲವು ಮನೆ ಬಿದ್ದವು. ಆಮೇಲೆ ತಡೆಗೋಡೆ ಕಟ್ಟಿದರು. ಆದರೆ ಗೋಡೆ ಅಲೆಯನ್ನು ಹೀರುವುದಿಲ್ಲ, ವಾಪಸು ಎಸೆಯುತ್ತದೆ. ಆ ಹೊಡೆತಕ್ಕೆ ಬುಡದ ಕಲ್ಲೇ ಜಾರುತ್ತದೆ. ಕಡಲ್ಕೊರೆತದ ಊರುಗಳಲ್ಲಿ ಇಂದಿಗೂ ಕಾಣುವ ಪಾಡು ಇದು.

1917ರ ಜನವರಿ 26ರಂದು ಪೂರ್ವದ ಬಿರುಗಾಳಿ ಮತ್ತು ದೊಡ್ಡ ಭರತ ಒಟ್ಟಿಗೆ ಬಂದವು. ಹಾಲ್‌ಸ್ಯಾಂಡ್ಸ್ ಪೂರ್ವಕ್ಕೆ ಮುಖಮಾಡಿದ ಊರು. ಅಲೆಗಳು ಗೋಡೆ ಹತ್ತಿ ಮನೆಗಳ ಮೇಲೆ ಬಿದ್ದವು, ಬಿರುಕುಗಳ ಮರಳು ಕೊಚ್ಚಿಹೋಗಿ ನೆಲವೇ ಬಾಯಿಬಿಟ್ಟಿತು. ಒಂದು ಜೀವವೂ ಹೋಗಲಿಲ್ಲ. ಊರು ಮಾತ್ರ ಹೋಯಿತು: ಕೊನೆಗೆ ವಾಸಕ್ಕೆ ಯೋಗ್ಯವಾಗಿ ಉಳಿದದ್ದು ಒಂದೇ ಮನೆ. ಪರಿಹಾರಕ್ಕಾಗಿ ಜನ ಮತ್ತೆ ಏಳು ವರ್ಷ ಅಲೆದರು.

ಆ ಒಂದು ಮನೆಯಲ್ಲಿ ಎಲಿಜಬೆತ್ ಪ್ರೆಟಿಜಾನ್ ಎಂಬ ಮಹಿಳೆ 1964ರಲ್ಲಿ ತೀರಿಕೊಳ್ಳುವತನಕ ಇದ್ದರು. ಈಗ ಬಂಡೆಯ ಮೇಲಿನ ಅಟ್ಟಣಿಗೆಯಿಂದ ಇಣುಕಿದರೆ ಮುರಿದ ಗೋಡೆಗಳ ಸಾಲು ಕಾಣುತ್ತದೆ. ಅವುಗಳ ಎದುರು, ಒಂದು ಕಾಲಕ್ಕೆ ದೋಣಿಗಳನ್ನು ಎಳೆದು ನಿಲ್ಲಿಸುತ್ತಿದ್ದ ಜಾಗದಲ್ಲಿ, ಅಲೆ ನೇರವಾಗಿ ಬಂಡೆಗೆ ಬಡಿಯುತ್ತದೆ.